ನೀಲಿ ಗೋಡೆಯೊಳಗಿನ ಕಾಗೆ

ಅಪ್ಪನ ಬಗ್ಗೆ ನನಗಿರುವುದು ಒಂದೇ ನೆನಪು. ಅದು ನನ್ನದೇ ಅಲ್ಲ ಎಂದು ಅಕ್ಕ ಮೊದಲಿನಿಂದಲೂ ವಾದಿಸುತ್ತ ಬಂದಿದ್ದಾಳೆ.

ನೆನಪು ಹೀಗಿದೆ. ಕಾಸರಗೋಡು ಪೇಟೆಯಲ್ಲಿ ಹೆದ್ದಾರಿಯ ಬದಿಗೆ ಒಂದು ಬಿಳಿ ಗೋಡೆ. ಅಪ್ಪ ಏಣಿಯ ಮೇಲೆ ನಿಂತು ಯಾವುದೋ ಕೊಡೆ ಅಂಗಡಿಯ ಜಾಹೀರಾತು ಬರೆಯುತ್ತಿದ್ದಾರೆ. ಬಾಗಿಲಿನಷ್ಟು ಅಗಲದ ಕಪ್ಪು ಕೊಡೆ. ನಾನು ಕೆಳಗಿದ್ದೇನೆ. ಕರಿ ಬಣ್ಣದ ಡಬ್ಬಿಗೆ ಕೈ ಅದ್ದಿ ಗೋಡೆಗೆ ಒತ್ತಿಬಿಡುತ್ತೇನೆ. ಅಪ್ಪ ಇಳಿದು ಬರುತ್ತಾರೆ. ಬೈಯುವುದಿಲ್ಲ. ಸಪೂರದ ಬ್ರಶ್ಶು ತೆಗೆದುಕೊಂಡು ನನ್ನ ಹೆಬ್ಬೆರಳಿನ ಗುರುತಿಗೆ ಒಂದು ಕೊಕ್ಕು, ಅಂಗೈಯ ಕೆಳಗೆ ಎರಡು ಕಾಲು ಬರೆಯುತ್ತಾರೆ. ಉಳಿದ ನಾಲ್ಕು ಬೆರಳು ರೆಕ್ಕೆಯಾಗುತ್ತವೆ. ಮಳೆಗೆ ಒದ್ದೆಯಾಗಿ ಕೊಡೆಯ ಕೆಳಗೆ ರೆಕ್ಕೆ ಕೊಡವುತ್ತ ನಿಂತ ಕಾಗೆ.

ಅಷ್ಟೇ. ಅದರ ಹಿಂದಿನದ್ದೂ ಇಲ್ಲ, ಮುಂದಿನದ್ದೂ ಇಲ್ಲ. ಅಪ್ಪ ಬೋರ್ಡು ಬರೆಯುವ ಕೆಲಸದವರು. ನನಗೆ ನಾಲ್ಕು ತುಂಬುವ ಮೊದಲೇ ತೀರಿಕೊಂಡರು. ಅವರ ಸ್ವರ ನನಗೆ ಗೊತ್ತಿಲ್ಲ. ಮದುವೆಯ ಫೋಟೊ ಒಂದು ಮನೆಯಲ್ಲಿದೆ, ಆದರೆ ಅದರಲ್ಲಿರುವವರು ನನಗಿಂತ ಎಷ್ಟೋ ಚಿಕ್ಕ ಪ್ರಾಯದ ಒಬ್ಬ ಅಪರಿಚಿತ. ನನಗೆ ಅಪ್ಪ ಎಂದರೆ ಆ ಏಣಿ, ಆ ಬ್ರಶ್ಶು, ಆ ಕಾಗೆ.

ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಕನ್ನಡ ಶಾಲೆಯಲ್ಲಿ ಟೀಚರಾಗಿದ್ದು ನಿವೃತ್ತಳಾಗಿ ಈಗ ಮಂಗಲ್ಪಾಡಿಯಲ್ಲಿದ್ದಾಳೆ. ಈ ಕಾಗೆಯ ಮಾತು ಬಂದಾಗಲೆಲ್ಲ ಬಲಗೈ ಎತ್ತಿ, ಹುಟ್ಟಿನಿಂದಲೇ ಹೊರಕ್ಕೆ ಬಾಗಿದ ಕಿರುಬೆರಳನ್ನು ಅಲ್ಲಾಡಿಸುತ್ತ ತೀರ್ಪು ಕೊಡುತ್ತಾಳೆ.

"ನಿನಗೆ ಆಗ ಮೂರು ವರ್ಷ ಮಾರಾಯ. ಮೂರು ವರ್ಷದ ಮಗುವನ್ನು ಯಾರು ಹೈವೇ ಬದಿಗೆ ಕೆಲಸಕ್ಕೆ ಕರ್ಕೊಂಡು ಹೋಗ್ತಾರೆ?"

"ನನಗೆ ಕಾಣ್ತದೆ ಅಕ್ಕ. ಕೊಕ್ಕು ಕೂಡ ಕಾಣ್ತದೆ."

"ಕಾಣ್ತದೆ! ನಿನಗೆ ಅಪ್ಪ ಅಮ್ಮನ ಮದುವೆಗೆ ಹೋದದ್ದು ಕೂಡ ನೆನಪಿರಬಹುದು. ಹೋಳಿಗೆ ಹೇಗಿತ್ತು, ಹೇಳು ನೋಡುವಾ. ಗೋಡೆ ಇತ್ತು, ಕೊಡೆ ಇತ್ತು, ಅಷ್ಟು ಸರಿ. ಕಾಗೆಯೂ ಇಲ್ಲ, ಗೂಗೆಯೂ ಇಲ್ಲ."

ನಾನು ವಿಶ್ವವಿದ್ಯಾಲಯದಲ್ಲಿ ಭೌತಶಾಸ್ತ್ರ ಓದಿದವನು. ಸಂಶೋಧನೆಗೆ ಸೇರಿ, ಬಿಟ್ಟು, ಪ್ಯಾರಲಲ್ ಕಾಲೇಜು ಎನ್ನುವ ಒಂದೆರಡು ಖಾಸಗಿ ಟ್ಯುಟೋರಿಯಲ್‌ಗಳಲ್ಲಿ ಕಲಿಸಿ, ಅದನ್ನೂ ಬಿಟ್ಟು, ಎಲ್ಲಿಯೂ ಸರಿಯಾಗಿ ಕೂರದೆ ಬಂದವನು. ಓದು ಉಳಿಸಿಹೋದದ್ದು ಅನುಮಾನದ ಚಟವನ್ನು ಮಾತ್ರ. ಯಾರಾದರೂ ತಮ್ಮ ಬಾಲ್ಯದ ಸಂಗತಿಯನ್ನು ಕಣ್ಣಿಗೆ ಕಟ್ಟುವಂತೆ ಹೇಳಿದರೆ, ಇದರಲ್ಲಿ ಕಂಡದ್ದೆಷ್ಟು, ಕೇಳಿದ್ದೆಷ್ಟು, ಹೇಳುತ್ತ ಹೇಳುತ್ತ ಸೇರಿಸಿದ್ದೆಷ್ಟು ಎಂದು ಒಳಗೊಳಗೇ ಭಾಗ ಮಾಡುತ್ತೇನೆ. ಅದೇ ಭಾಗಾಕಾರವನ್ನು ನನ್ನ ಕಾಗೆಗೂ ಹಚ್ಚಬೇಕಲ್ಲ. ಹಚ್ಚಿದರೆ ಶೇಷ ಏನೂ ಉಳಿಯುವುದಿಲ್ಲವೋ ಏನೋ ಎಂಬ ಹೆದರಿಕೆ. ಶೇಷ ಉಳಿಯದಿದ್ದರೆ ನನಗೆ ಅಪ್ಪನೇ ಇಲ್ಲ.

ಹೋದ ವರ್ಷ ನನಗೆ ಫೋಟೊದ ಹುಚ್ಚು ಹಿಡಿಯಿತು. ಹಳೆಯ ಡಿಜಿಟಲ್ ಕ್ಯಾಮೆರಾವೊಂದನ್ನು ಎರ್ನಾಕುಳದ ರಿಪೇರಿಯವನೊಬ್ಬನಿಗೆ ಕಳಿಸಿ ಅದನ್ನು ಇನ್‌ಫ್ರಾರೆಡ್‌ಗೆ ಬದಲಾಯಿಸಿಕೊಂಡೆ. ಕೆಂಪಿನ ಆಚೆಗೆ ನಮ್ಮ ಕಣ್ಣಿಗೆ ಕಾಣದ ಬೆಳಕೊಂದಿದೆ. ಅದು ಒಳಗೆ ಬಾರದಂತೆ ಎಲ್ಲ ಕ್ಯಾಮೆರಾಗಳಲ್ಲೂ ಒಂದು ಗಾಜು ಅಡ್ಡ ನಿಂತಿರುತ್ತದೆ. ಆ ಗಾಜನ್ನು ತೆಗೆದು, ಕಾಣುವ ಬೆಳಕನ್ನು ತಡೆಯುವ ಕರಿ ಗಾಜನ್ನು ಇಟ್ಟರೆ ಆಯಿತು.

ಅದನ್ನು ಹಿಡಿದು ಪೇಟೆ ಸುತ್ತಿದೆ. ರೈಲ್ವೆ ಸ್ಟೇಶನ್ನಿನ ಮರಗಳೆಲ್ಲ ಹಿಮ ಬಿದ್ದಂತೆ ಬಿಳಿ. ಹಸಿರೆಲೆ ಆ ಬೆಳಕನ್ನು ಹಾಗೆಯೇ ಹಿಂದಕ್ಕೆ ಎಸೆಯುತ್ತದೆ. ಚಂದ್ರಗಿರಿ ಹೊಳೆ ಡಾಂಬರಿನಂತೆ ಕಪ್ಪು, ಅದರ ದಡದ ತೆಂಗಿನ ಮರಗಳು ಬೆಳ್ಳಗೆ ಕೂದಲು ಬಿಚ್ಚಿಕೊಂಡ ಹಾಗೆ. ಎಲ್ಲಕ್ಕಿಂತ ಆಶ್ಚರ್ಯವಾದದ್ದು ಬಟ್ಟೆಗಳದ್ದು. ಬ್ಯಾಂಕ್ ರೋಡಿನಲ್ಲಿ ಹೋಗುವವರ ಕರಿ ಪ್ಯಾಂಟು, ಕರಿ ಬುರ್ಖಾ, ಕರಿ ಕೊಡೆ ಎಲ್ಲವೂ ನನ್ನ ಕ್ಯಾಮೆರಾದಲ್ಲಿ ಹಾಲು ಬೆರೆಸಿದ ಹಾಗೆ ಮಸುಕು ಬಿಳಿ. ಬಟ್ಟೆಗೆ ಹಾಕುವ ಕರಿ ಬಣ್ಣ ನಮ್ಮ ಕಣ್ಣಿಗೆ ಮಾತ್ರ ಕಪ್ಪು. ನಿಜವಾದ ಮಸಿ ಹಾಗಲ್ಲ, ಅದು ಯಾವ ಬೆಳಕಿನಲ್ಲೂ ಕಪ್ಪೇ.

ಇನ್ನೊಂದು ಲೆನ್ಸೂ ತಂದಿದ್ದೆ. ನೋಡಲು ರಬ್ಬರಿನ ಕೊಳವೆ. ಬೆರಳಿನಿಂದ ಬಗ್ಗಿಸಿದ ಕಡೆಗೆ ಚಿತ್ರದಲ್ಲಿ ಒಂದು ಸಣ್ಣ ವೃತ್ತದಷ್ಟು ಜಾಗ ಸ್ಪಷ್ಟವಾಗುತ್ತದೆ, ಉಳಿದದ್ದೆಲ್ಲ ಒದ್ದೆ ಬಟ್ಟೆಯಿಂದ ಒರೆಸಿದಂತೆ ಕದಡಿಹೋಗುತ್ತದೆ. ಹೊಸ ಬಸ್‌ ಸ್ಟ್ಯಾಂಡಿನಲ್ಲಿ ಅದರಿಂದ ತೆಗೆದ ಒಂದು ಚಿತ್ರವನ್ನು ಅಕ್ಕನಿಗೆ ತೋರಿಸಿದೆ. ಒಬ್ಬ ಕಂಡಕ್ಟರನ ಮುಖ ಮಾತ್ರ ಸರಿಯಾಗಿತ್ತು, ಬಸ್ಸು, ಜನ, ಆಕಾಶ ಎಲ್ಲ ಹರಿದಾಡುತ್ತಿತ್ತು.

"ಕಣ್ಣಿನ ಆಪರೇಶನ್ನಿನ ಮೊದಲು ನನಗೆ ಹೀಗೇ ಕಾಣುತ್ತಿದ್ದದ್ದು," ಅಂದಳು. "ಡಾಕ್ಟ್ರು ಲೆನ್ಸ್ ಹಾಕಿ ಸರಿ ಮಾಡಿದ್ರು. ನೀನು ಲೆನ್ಸ್ ಹಾಕಿ ಹಾಳು ಮಾಡ್ತಿ. ಎಂತ ಮರ್ಲು ಇದು?"

ಹೆದ್ದಾರಿ ಅಗಲ ಮಾಡುವ ಕೆಲಸ ನಮ್ಮಲ್ಲಿ ನಡೆಯುತ್ತಲೇ ಇದೆ. ಎಷ್ಟೋ ಕಟ್ಟಡಗಳನ್ನು ಹಲಸಿನಹಣ್ಣನ್ನು ಸೀಳಿದ ಹಾಗೆ ಅರ್ಧಕ್ಕೆ ಕೊಯ್ದು ಬಿಟ್ಟಿದ್ದರು. ಯಾರದೋ ಮಾಳಿಗೆಯ ಬಚ್ಚಲಿನ ಟೈಲ್ಸು ರಸ್ತೆಗೆ ಕಾಣುತ್ತಿತ್ತು. ಅವುಗಳ ಫೋಟೊ ತೆಗೆಯುತ್ತ ಹೋಗುತ್ತಿದ್ದಾಗ ಒಂದು ಕಡೆ ಎದುರಿನ ಕಟ್ಟಡವನ್ನು ಪೂರ್ತಿ ಕೆಡವಿದ್ದರಿಂದ, ಅದರ ಬೆನ್ನಿಗೆ ಇಷ್ಟು ಕಾಲ ಅಡಗಿದ್ದ ಒಂದು ಹಳೆಯ ಗೋಡೆ ಹೊರಬಿದ್ದಿತ್ತು. ಪೂರ್ತಿ ನೀಲಿ. ಬಟ್ಟೆಗೆ ಹಾಕುವ ನೀಲದ ಜಾಹೀರಾತಿಗೆಂದು ಹಿಂದೆ ಇಡೀ ಗೋಡೆಗೇ ನೀಲಿ ಬಳಿಯುತ್ತಿದ್ದರಲ್ಲ, ಅಂಥದ್ದು. ಗೋಡೆಯ ಪಕ್ಕದಲ್ಲಿ ಉಳಿದಿದ್ದ ಒಂದು ಕೋಣೆಯಲ್ಲಿ ವಯಸ್ಸಾದ ಬ್ಯಾರಿಯೊಬ್ಬರು ಚಹಾ ಮಾಡುತ್ತಿದ್ದರು. ಅಲ್ಲಿ ಅರ್ಧ ಕತ್ತರಿಸಿದ ಮಳೆಮರವೊಂದಿತ್ತು. ನಾನು ಕ್ಯಾಮೆರಾ ಹಿಡಿದದ್ದು ಅದಕ್ಕೆ.

ಪರದೆಯಲ್ಲಿ ಮರದ ಚಿಗುರು ಬಿಳಿಯಾಗಿ ಬಂತು. ಹಿಂದಿನ ಗೋಡೆಯೂ ಬಿಳಿಯಾಗಿತ್ತು. ಆ ಬಿಳಿಯಲ್ಲಿ ಕವುಚಿದ ಬಾಣಲೆಯ ಹಾಗೆ ಒಂದು ಕಪ್ಪು ಆಕಾರ, ಅದರಿಂದ ಕೆಳಗಿಳಿದ ಒಂದು ಗೆರೆ.

ನಾನು ಕಣ್ಣೆತ್ತಿ ನೋಡಿದೆ. ಗೋಡೆ ನೀಲಿಯಾಗಿತ್ತು, ಬೇರೇನೂ ಇರಲಿಲ್ಲ. ಮತ್ತೆ ಪರದೆ ನೋಡಿದೆ. ಕೊಡೆ.

ಆಗಲೂ ಕಾರಣ ಹುಡುಕುವ ಚಟ ಬಿಡಲಿಲ್ಲ. ನೀಲಿ ಬಣ್ಣದ ತೆಳು ಪದರವನ್ನು ಈ ಬೆಳಕು ಗಾಜಿನಂತೆ ದಾಟಿಹೋಗುತ್ತದೆ. ನೀಲದ ಕಂಪೆನಿಯ ಪೇಂಟರು ಮೊದಲು ಬಿಳಿ ಅಸ್ತರು ಹೊಡೆದಿದ್ದರೆ ಅಡಿಯದ್ದು ಶಾಶ್ವತವಾಗಿ ಮುಚ್ಚಿಹೋಗುತ್ತಿತ್ತು. ಅವನು ಉದಾಸೀನ ಮಾಡಿ ನೇರ ನೀಲಿ ಬಳಿದಿದ್ದ. ಅಡಿಯ ಸುಣ್ಣ ಬೆಳ್ಳಗೆ, ಮಸಿ ಕಪ್ಪಗೆ. ಕೊಡೆಯ ಮೇಲ್ಗಡೆ ಗೋಡೆಯಲ್ಲಿ ಅಂಗಡಿಯ ಹೆಸರಿರಬೇಕಿತ್ತು, ಇರಲಿಲ್ಲ. ಕೆಂಪಿನಲ್ಲಿ ಬರೆದಿದ್ದರೆ ಅದೂ ಈ ಬೆಳಕಿನಲ್ಲಿ ಸುಣ್ಣದೊಂದಿಗೆ ಬೆರೆತು ಮಾಯ.

"ಎಂತ ಮಾಷೆ, ಗೋಡೆಗೂ ಎಕ್ಸ್‌ರೇ ತೆಗೆಯುದಾ?" ಚಹಾದವರು ಕೇಳಿದರು. ಕಲಿಸುವುದನ್ನು ಬಿಟ್ಟು ಎಷ್ಟು ಕಾಲವಾದರೂ ಪೇಟೆಯವರಿಗೆ ನಾನು ಮಾಷೇ, ಅವರು ನಮಗೆಲ್ಲ ಕಾಕ.

"ಇದರ ಒಳಗೆ ಒಂದು ಕೊಡೆ ಉಂಟು ಕಾಕ."

"ಬೇಗ ತೆಗೆಯಿರಿ ಹಾಗಾದ್ರೆ. ಜೆಸಿಬಿ ಅಣಂಗೂರಿನಲ್ಲಿ ಮುಗಿಸಿ ಇಲ್ಲಿಗೇ ಬರುದಂತೆ. ಕೊಡೆ ಹೋದ್ರೂ ತೊಂದರೆ ಇಲ್ಲ, ನನ್ನ ಚಹಾದ ಸಮಾವರ್ ಹೋಗಬಾರದು."

ಕೊಡೆಯ ಕೆಳಗೆ ಕಾಗೆ ಇರಬೇಕಾದ ಜಾಗ ನೋಡಿದೆ. ಅಲ್ಲಿ ಬೆಳಕಿನ ಒಂದು ದುಂಡು ಕಲೆ. ಗೋಡೆಯದ್ದಲ್ಲ, ಲೆನ್ಸಿನದ್ದು. ಕೆಲವು ಲೆನ್ಸುಗಳ ಒಳಗೆ ಈ ಬೆಳಕು ಅಡ್ಡಾದಿಡ್ಡಿ ಪ್ರತಿಫಲಿಸಿ ಚಿತ್ರದ ನಡುವೆ ಹೀಗೆ ಬೆಳ್ಳಗೆ ಮಾಡುತ್ತದೆ. ಕ್ಯಾಮೆರಾವನ್ನು ಆಚೆ ಈಚೆ ಸರಿಸಿದರೆ ಅಲ್ಲೇನೋ ಇದ್ದಂತೆ ಕಂಡಿತು. ಕಲೆ ಇರಬಹುದು, ಪಾಚಿ ಇರಬಹುದು. ಕಾಗೆಯನ್ನು ಕಾಣಬೇಕೆಂದು ಹೊರಟವನಿಗೆ ಪಾಚಿಯಲ್ಲೂ ಕಾಗೆ ಕಾಣುತ್ತದೆ.

ಮರುದಿನ ಬೆಳಿಗ್ಗೆ ಬಿಸಿಲೇರುವಾಗ ಆ ರಬ್ಬರಿನ ಲೆನ್ಸು ಹಾಕಿಕೊಂಡು ಹೋದೆ. ಅದರಲ್ಲಿ ಆ ದುಂಡು ಕಲೆಯ ಕಾಟವಿಲ್ಲ. ಆದರೆ ಅದರ ತೊಂದರೆ ಬೇರೆ. ಎಲ್ಲಿ ಸ್ಪಷ್ಟವಾಗಬೇಕೆಂದು ಮೊದಲೇ ನಾನು ನಿರ್ಧರಿಸಬೇಕು. ನೇರ ಕಾಗೆಯ ಜಾಗಕ್ಕೇ ಲೆನ್ಸು ಬಗ್ಗಿಸಿದರೆ, ಉಳಿದ ಗೋಡೆಯನ್ನು ನಾನೇ ಅಳಿಸಿ, ನನಗೆ ಬೇಕಾದ್ದನ್ನು ಮಾತ್ರ ಎತ್ತಿ ಹಿಡಿದ ಹಾಗಾಯಿತು. ಇಷ್ಟು ವರ್ಷ ಮಾಡಿದ್ದೂ ಅದನ್ನೇ ಅಲ್ಲವೇ ಎಂದು ಅಕ್ಕ ಕೇಳಿದರೆ ಏನು ಹೇಳಲಿ? ಹಾಗಾಗಿ ಕೊಡೆಯ ತುದಿಯಿಂದ ಶುರುಮಾಡಿ, ಗೇಣು ಗೇಣಾಗಿ ಇಡೀ ಗೋಡೆಯನ್ನು ತೆಗೆಯುತ್ತ ಬಂದೆ. ಕಡ್ಡಿಗಳು ಬಂದವು. ಬಾಗಿದ ಹಿಡಿ ಬಂತು. ಬ್ರಶ್ಶು ಒಂದೇ ಎಳೆತಕ್ಕೆ ಎಲ್ಲಿಯೂ ನಡುಗದೆ ಸಾಗಿದ ಗೆರೆ. ಅಪ್ಪನ ಕೈ ಹೇಗಿತ್ತೆಂದು ನನಗೆ ಮೊದಲ ಬಾರಿಗೆ ಗೊತ್ತಾದದ್ದು ಆಗ.

ಕೆಳಗೆ ಬರುತ್ತಿದ್ದಂತೆ ಅದೂ ಬಂತು. ನಾನು ತಕ್ಷಣ ನಂಬಲಿಲ್ಲ. ಚಹಾದವರನ್ನು ಕರೆದು, ಏನನ್ನೂ ಹೇಳದೆ ಪರದೆ ತೋರಿಸಿದೆ.

"ಇದೆಂತ ಕಾಣ್ತದೆ ಕಾಕ?"

ಅವರು ಕೈಯನ್ನು ಉಟ್ಟ ಮುಂಡಿಗೆ ಒರೆಸಿಕೊಂಡು, ಕನ್ನಡಕ ಹಣೆಗೇರಿಸಿ ನೋಡಿದರು. "ಕೈ. ಯಾರೋ ಕೈ ಒತ್ತಿದ್ದು." ಮತ್ತೆ ಬಗ್ಗಿ ನೋಡಿದರು. "ಅಲ್ಲ ಮಾಷೆ, ಇದಕ್ಕೆ ಕಾಲುಂಟು. ಕೊಕ್ಕೂ ಉಂಟು. ಕೋಳಿಯಾ?"

"ಕಾಗೆ ಆಗಿರಬಹುದಾ?"

"ಕಾಗೆಯೇ. ಕೋಳಿಗೆ ಕೊಡೆ ಹಿಡಿಯುವವರು ಯಾರುಂಟು!"

ನನಗೆ ಅವರನ್ನು ಅಪ್ಪಿಕೊಳ್ಳುವಷ್ಟು ಸಂತೋಷವಾಯಿತು. ಅಪ್ಪಿಕೊಳ್ಳಲಿಲ್ಲ, ಇನ್ನೊಂದು ಚಹಾ ಕುಡಿದೆ. ಅಲ್ಲಿಂದ ನೇರ ಅಕ್ಕನ ಮನೆಗೆ ಉಪ್ಪಳದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಅಕ್ಕನಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸುತ್ತಿದ್ದೆ. ಹೋಳಿಗೆ ಹೇಗಿತ್ತೆಂದು ಕೇಳಿದ್ದಿಯಲ್ಲ, ಇಗೋ ಹೋಳಿಗೆ.

ಅಕ್ಕ ಜಗಲಿಯಲ್ಲಿ ಕೂತು ಬಸಳೆಯ ಎಲೆ ಬಿಡಿಸುತ್ತಿದ್ದಳು. ನಾನು ಚಿತ್ರಗಳನ್ನು ಮೊಬೈಲಿಗೆ ಹಾಕಿಕೊಂಡಿದ್ದೆ. ಮೊದಲು ಇಡೀ ಕೊಡೆ ತೋರಿಸಿದೆ. "ಓ," ಅಂದಳು, "ಅದೇ ಗೋಡೆ. ಅದು ಇನ್ನೂ ಉಂಟಾ?" ಆಮೇಲೆ ಕಾಗೆ ತೋರಿಸಿದೆ.

ಅವಳು ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ಬೆರಳಿನಿಂದ ದೊಡ್ಡದು ಮಾಡಿದಳು. ಚಿಕ್ಕದು ಮಾಡಿದಳು. ಮತ್ತೆ ದೊಡ್ಡದು ಮಾಡಿದಳು.

"ಈಗ ಹೇಳು," ಅಂದೆ. "ಕಾಗೆ ಉಂಟಾ ಇಲ್ಲವಾ?"

"ಇದು ಮೂರು ವರ್ಷದ ಮಗುವಿನ ಕೈಯಾ?"

"ಅಳತೆ ಗೊತ್ತಾಗುದಿಲ್ಲ ಇದರಲ್ಲಿ. ಹತ್ತಿರದಿಂದ ತೆಗೆದದ್ದು."

"ಅಳತೆ ಬಿಡು. ಕಿರುಬೆರಳು ನೋಡು."

ನೋಡಿದೆ. ಕಾಗೆಯ ರೆಕ್ಕೆಯ ಕೊನೆಯ ಗರಿ ಹೊರಕ್ಕೆ ಬಾಗಿತ್ತು. ಬೆಳಗಿನಿಂದ ಎಷ್ಟು ಸಲ ನೋಡಿದ್ದೆ, ಅದನ್ನು ರೆಕ್ಕೆಯ ಅಂದ ಎಂದುಕೊಂಡಿದ್ದೆ. ಅಕ್ಕ ಮೊಬೈಲಿನ ಪಕ್ಕದಲ್ಲಿ ತನ್ನ ಬಲಗೈ ಚಾಚಿ ಹಿಡಿದಳು. ಬೆರಳುಗಳಿಗೆ ಬಸಳೆಯ ಲೋಳೆ ಅಂಟಿತ್ತು.

"ನನ್ನ ಕೈ," ಅಂದಳು.

ಅವಳು ಹೇಳಿದ್ದು ಇಷ್ಟು. ಅಪ್ಪ ಕರಿ ಬಣ್ಣವನ್ನು ಪೇಟೆಯಿಂದ ತರುತ್ತಿರಲಿಲ್ಲ, ಮನೆಯಲ್ಲೇ ಮಾಡುತ್ತಿದ್ದರು. ಸಂಜೆ ಚಿಮಿಣಿ ದೀಪದ ಮೇಲೆ ಮಣ್ಣಿನ ಮಡಕೆ ಕವುಚಿಟ್ಟು, ಅದಕ್ಕೆ ಹಿಡಿದ ಮಸಿಯನ್ನು ಕೋಳಿಗರಿಯಿಂದ ಕೆರೆದು ಕಾಗದದಲ್ಲಿ ಕಟ್ಟುವುದು ಅಕ್ಕನ ಕೆಲಸ. ಅಪ್ಪ ಅದನ್ನು ಎಣ್ಣೆಯಲ್ಲಿ ಅರೆಯುತ್ತಿದ್ದರು. ಮಸಿ ತೆಗೆದ ದಿನ ಅವಳ ಉಗುರು ಕಪ್ಪಾಗಿ ಶಾಲೆಯಲ್ಲಿ ಮಕ್ಕಳು ನಗುತ್ತಿದ್ದರು. ಆ ಕೊಡೆಗೆ ಎಷ್ಟೋ ಸಂಜೆಗಳ ಮಸಿ ಬೇಕಾಯಿತು. ಬರೆಯುವ ದಿನ ಅಪ್ಪನಿಗೆ ಗಂಜಿ ತೆಗೆದುಕೊಂಡು ಹೋದವಳು ಅವಳೇ. ತನ್ನ ಮಸಿ ಅಷ್ಟು ದೊಡ್ಡ ಕೊಡೆಯಾದದ್ದನ್ನು ಕಂಡು ಏನನಿಸಿತೋ, ಡಬ್ಬಿಗೆ ಕೈ ಅದ್ದಿ ಗೋಡೆಗೆ ಒತ್ತಿದಳು.

"ಏಣಿಯ ಮೇಲಿಂದಲೇ ಬೊಬ್ಬೆ ಹೊಡೆದ್ರು. ಕತ್ತೆ, ಮಾಡಿದ ಕೆಲಸ ಹಾಳು ಮಾಡ್ತಿಯಾ, ನಡೆ ಮನೆಗೆ ಅಂತ. ರಸ್ತೆಯಲ್ಲಿ ಹೋಗುವವರೆಲ್ಲ ನಿಂತು ನೋಡಿದ್ರು. ನಾನು ಪಾತ್ರೆ ಅಲ್ಲೇ ಬಿಟ್ಟು ಓಡಿದೆ."

"ಮತ್ತೆ?"

"ಮತ್ತೆಂತ? ಮಳೆ ಹಿಡಿಯುವ ಮೊದಲೇ ಅಪ್ಪ ಮಲಗಿದ್ರು, ಮತ್ತೆ ಏಳಲಿಲ್ಲ. ನಾನು ಸರಿಯಾಗಿ ಮಾತಾಡಲೇ ಇಲ್ಲ. ಆಮೇಲೆ ಆ ಗೋಡೆ ನೋಡಬಾರದು ಅಂತ ಸ್ಟೇಶನ್ನಿನ ಬದಿಯಿಂದ ಸುತ್ತು ಹಾಕಿ ಶಾಲೆಗೆ ಹೋಗ್ತಾ ಇದ್ದೆ. ಅದಕ್ಕೆ ನೀಲಿ ಹೊಡೆದ್ರು ಅಂತ ಯಾರೋ ಹೇಳಿದಾಗ, ಒಳ್ಳೆದಾಯ್ತು ಅಂದುಕೊಂಡೆ." ಅವಳು ಮತ್ತೆ ಪರದೆ ನೋಡಿದಳು. "ಕೊಕ್ಕು ಬರೆದದ್ದು ನನಗೆ ಗೊತ್ತೇ ಇಲ್ಲ ಮಾರಾಯ. ನಾನು ಹೋದ ಮೇಲೆ ಬರೆದದ್ದು."

ಬಸಳೆಯ ಬುಟ್ಟಿ ಹಾಗೆಯೇ ಇತ್ತು. ನಾನು ಕೇಳಿದೆ, "ಇದನ್ನು ನೀನು ಯಾರಿಗಾದರೂ ಹೇಳಿದ್ದಿಯಾ? ಅಮ್ಮನಿಗೆ?"

"ಯಾರಿಗೂ ಇಲ್ಲ."

"ಹಾಗಾದರೆ ಕೈ ಒತ್ತಿದ್ದು ನನಗೆ ಹೇಗೆ ಗೊತ್ತು?"

"ಅದು ನೀನು ಹೇಳಬೇಕು. ಸಯನ್ಸ್ ಓದಿದವ ನೀನಲ್ಲವಾ?"

ಈಗಲೂ ಅದನ್ನೇ ಯೋಚಿಸುತ್ತಿದ್ದೇನೆ. ಅಮ್ಮ ನನ್ನನ್ನು ಎತ್ತಿಕೊಂಡು ಆ ದಾರಿಯಲ್ಲಿ ಹೋಗಿರಬಹುದು. ನೀಲಿಯಾಗುವ ಮೊದಲು ಕಾಗೆ ಗೋಡೆಯ ಮೇಲೆ ಎಷ್ಟೋ ತಿಂಗಳು ಇದ್ದಿರಬೇಕು. ಕಾಗೆಯಲ್ಲಿ ಬೆರಳುಗಳನ್ನು ಗುರುತಿಸುವುದು ಮಗುವಿಗೆ ಕಷ್ಟವಲ್ಲ. ಉಳಿದದ್ದನ್ನು, ಎಂದರೆ ಡಬ್ಬಿ, ಏಣಿ, ಬೈಯದೆ ಇಳಿದು ಬಂದ ಅಪ್ಪ, ಇವನ್ನೆಲ್ಲ ನಾನೇ ಕಟ್ಟಿಕೊಂಡಿರಬಹುದು. ಅಥವಾ ಗಂಜಿ ಪಾತ್ರೆ ಹಿಡಿದು ಹೋದ ಅಕ್ಕನ ಸೊಂಟದಲ್ಲಿ ನಾನೂ ಇದ್ದೆನೋ? ಹಾಗಿದ್ದರೆ ನನ್ನನ್ನು ಅಲ್ಲಿ ಬಿಟ್ಟು ಅವಳು ಓಡಿದಳೇ? ಕೇಳಿದರೆ, "ಛೆ, ಒಬ್ಬಳೇ ಹೋದದ್ದು," ಅಂದಳು. ಹೇಳಿ ಮತ್ತೊಮ್ಮೆ ಕಾಗೆಯನ್ನು ದೊಡ್ಡದು ಮಾಡಿ ನೋಡಿದಳು. ಆ ಬಾಗಿದ ಗರಿಯ ಬಗ್ಗೆಯೂ ನನಗೆ ಪೂರ್ತಿ ನಂಬಿಕೆಯಿಲ್ಲ. ಅಪ್ಪ ಬ್ರಶ್ಶಿನಿಂದ ಅದನ್ನು ಬಾಗಿಸಿರಲೂಬಹುದು. ಆದರೆ ಅಕ್ಕ ಕೈ ಚಾಚಿ ಹಿಡಿದಿದ್ದಾಗ ಇದನ್ನು ಹೇಳುವಷ್ಟು ಅನುಮಾನ ನನ್ನಲ್ಲಿ ಉಳಿದಿರಲಿಲ್ಲ.

"ಗೋಡೆ ನಾಳೆಗೆ ಉಂಟಾ?" ಅವಳೇ ಕೇಳಿದಳು.

ಮರುದಿನವೂ ಇತ್ತು. ಜೆಸಿಬಿಯೂ ಬಂದು ಪಕ್ಕದಲ್ಲಿ ನಿಂತಿತ್ತು, ಅದರ ಡ್ರೈವರು ಕಾಕನ ಬೆಂಚಿನಲ್ಲಿ ಚಹಾ ಕುಡಿಯುತ್ತಿದ್ದ. ಅಕ್ಕ ಸೆರಗು ಸಿಕ್ಕಿಸಿಕೊಂಡು ಕಲ್ಲುಮಣ್ಣಿನ ರಾಶಿ ದಾಟಿ ಗೋಡೆಯ ಬಳಿ ಹೋದಳು. ಅವಳ ಮುಂದೆ ಬರಿಯ ನೀಲಿ.

"ಎಲ್ಲಿ?"

ನಾನು ಪರದೆ ನೋಡುತ್ತ ಹೇಳಿದೆ, "ಬಲಕ್ಕೆ. ಇನ್ನೂ ಸ್ವಲ್ಪ. ಈಗ ಕೆಳಗೆ. ಇನ್ನೂ ಕೆಳಗೆ."

ಅವಳು ತುಸು ಬಗ್ಗಬೇಕಾಯಿತು. ಹನ್ನೆರಡು ವರ್ಷದ ಹುಡುಗಿಯ ಎದೆಯ ಎತ್ತರ ಅದು. ಬಲ ಅಂಗೈಯನ್ನು ಬೆರಳು ಬಿಡಿಸಿ ಗೋಡೆಗೆ ಇಟ್ಟಳು. ಇನ್‌ಫ್ರಾರೆಡ್‌ನಲ್ಲಿ ಮನುಷ್ಯರ ಚರ್ಮ ಮೇಣದ ಹಾಗೆ ಬೆಳ್ಳಗೆ ಹೊಳೆಯುತ್ತದೆ. ಬಿಳಿ ಕೈಯೊಂದು ಕರಿ ಕೈಯನ್ನು ಮುಚ್ಚಿತು. ಅಂಚಿನಲ್ಲಿ ಕೊಕ್ಕು, ಕೆಳಗೆ ಎರಡು ಕಾಲು ಮಾತ್ರ ಹೊರಗೆ. ಆ ಲೆನ್ಸಿನಲ್ಲಿ ಕೈ, ಮುಖ ಎರಡೂ ಸ್ಪಷ್ಟವಾಗುವುದಿಲ್ಲ. ನಾನು ಕೈಯ ಕಡೆಗೆ ಬಗ್ಗಿಸಿದೆ. ಅವಳ ಮುಖ ಕದಡಿಹೋಯಿತು. ಅದು ಹಾಗಿರುವುದೇ ಸರಿ ಎನಿಸಿತು.

"ಟೀಚರೇ," ಕಾಕ ಕೂಗಿದರು, "ಕೈಯಲ್ಲಿ ಹಿಡಿದ್ರೆ ಗೋಡೆ ನಿಲ್ಲುದಿಲ್ಲ. ಬೀಳುದು ಗ್ಯಾರಂಟಿ. ಬನ್ನಿ, ಚಹಾ ಕುಡಿಯಿರಿ."

ಅಕ್ಕ ನಕ್ಕಳು. ಅಂಗೈಗೆ ಅಂಟಿದ ನೀಲಿ ಪುಡಿಯನ್ನು ಒರೆಸಿಕೊಳ್ಳದೆ ಬೆಂಚಿಗೆ ಬಂದು ಕೂತಳು. ಗ್ಲಾಸನ್ನು ಎಡಗೈಯಲ್ಲಿ ಹಿಡಿದಳು.

"ಬೈದದ್ದು ಬೈದದ್ದೇ," ಅಂದಳು. ಚಹಾ ಕುಡಿದು ಮುಗಿಸಿ, "ಕೊಕ್ಕು ಮಾತ್ರ ಚಂದ ಬರೆದಿದ್ದಾರೆ," ಅಂದಳು.

ಆ ಫೋಟೊ ಈಗ ಅವಳ ಜಗಲಿಯ ಗೋಡೆಯಲ್ಲಿದೆ. ಕೈಯಿಲ್ಲದ್ದು, ಬರಿಯ ಕಾಗೆಯದ್ದು. ಹೋದ ವಾರ ನಾನು ಹೋದಾಗ ನೆರೆಮನೆಯ ಹೆಂಗಸೊಬ್ಬರು ಅದರ ಮುಂದೆ ನಿಂತಿದ್ದರು. ನಾನು ಚಪ್ಪಲಿ ಬಿಡುತ್ತಿದ್ದೆ, ಮಾತು ಕೇಳುತ್ತಿತ್ತು.

"ಇದೆಂತ ಟೀಚರೇ, ಹಕ್ಕಿಯಾ?"

"ನಮ್ಮ ಅಪ್ಪ ಬರೆದದ್ದು. ಕೈ ನನ್ನದು."

"ನಿಮ್ಮ ತಮ್ಮನೂ ಇದ್ರಾ ಆಗ?"

ಅಕ್ಕ ಮೆಟ್ಟಿಲ ಕಡೆ ನೋಡಿದಳು. ನಾನು ಬಂದದ್ದು ಅವಳಿಗೆ ಕಂಡಿತ್ತು.

"ಇದ್ದೆ ಅಂತ ಹೇಳ್ತಾನೆ," ಅಂದಳು. "ಇದ್ದಿರಲೂಬಹುದು."